ಓದುಗರ ಪ್ರಶ್ನೆಗೆ ಉತ್ತರ: ಮರೆವಿನ ಕಾಯಿಲೆಯವರನ್ನು ಕರೆದುಕೊಂಡು ಪ್ರವಾಸ ಹೋಗಬಹುದೇ?

ಹಿರಿಯರ ಆರೈಕೆಯ ಈ ಅಂಕಣದಲ್ಲಿ ಹಿಂದಿನ ತಿಂಗಳು ಆರೈಕೆ ಮಾಡುವವರ ನಿದ್ರೆಯ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಹಲವು ನಿದ್ರೆಯನ್ನು ಪಕ್ಕಕ್ಕಿಟ್ಟು ಪ್ರವಾಸದ ಮಾತೆತ್ತಿವೆ. ಡಿಮೆನ್ಶಿಯ (ಅಂದರೆ ಮರೆವಿನ ಕಾಯಿಲೆ; ಆಲ್‌ಝೈಮರ್ ಅದರದೇ ಒಂದು ಬಗೆ) ಇರುವವರೊಡನೆ ನಾಲ್ಕು ದಿನ ಎಲ್ಲಾದರೂ ಹೋಗಿ ಬರುವುದು ಸಾಧ್ಯವೇ ಎಂದು ಕೇಳಿದವರಲ್ಲಿ ಐವರ ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಪತಿಗೆ 71 ವರ್ಷ. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಆಲ್‌ಝೈಮರ್ ಎಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷಗಳಲ್ಲಿ ನಾನು ಒಂದು ಮದುವೆಯ ಪಂಕ್ತಿಯಲ್ಲೂ ನೆಮ್ಮದಿಯಿಂದ ಕುಳಿತು ಉಂಡವಳಲ್ಲ. ಕಾಯಿಲೆಯವರನ್ನೂ ನೋಡಿಕೊಳ್ಳುವವರನ್ನೂ ಒಟ್ಟಿಗೆ ಕರೆದೊಯ್ಯುವ ಪ್ರವಾಸಗಳು ಹೊರದೇಶಗಳಲ್ಲಿ ಇವೆಯೆಂದು ಮಗ ಹೇಳುತ್ತಾನೆ. ಅವು ಹೇಗಿರುತ್ತವೆ? ನಮ್ಮಲ್ಲಿ ಸಾಧ್ಯವೇ? ನಾಳೆ ಮರೆತುಹೋಗುವವರಿಗೆ ಊರು ತೋರಿಸಿ ಏನು ಬಂತು ಎಂದು ನಾದಿನಿ ಕೇಳುತ್ತಾರೆ. ಅದಕ್ಕೆ ಏನು ಹೇಳಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಾದಿನಿಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಬಗೆಹರಿಯದೆ ನೀವು ಚೀಲ ಕಟ್ಟುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್‌ಝೈಮರ್ ಇರುವ 17 ಜನರಿಗೆ ಅಳು ತರಿಸುವ ಮತ್ತು ನಗು ತರಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ನೋಡಿದ್ದೇನೆಂಬುದು ಸ್ವಲ್ಪ ಹೊತ್ತಿನಲ್ಲೇ ಅವರ ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿತ್ತು, ಆದರೆ ನೋಡುವಾಗ ಹುಟ್ಟಿದ ದುಃಖವೋ ಸಂತೋಷವೋ ನೆನಪು ಜಾರಿದ ಮೇಲೂ ಮನಸ್ಸಿನಲ್ಲಿ ನಿಂತಿತ್ತು. ಅಲ್ಲಿ ಅಳೆದದ್ದು ನಿಮಿಷಗಳ ಲೆಕ್ಕವೇ ಹೊರತು ವಾರಗಳದ್ದಲ್ಲ, ಅಷ್ಟರಿಂದ ಪ್ರವಾಸವು ಕಾಯಿಲೆಯನ್ನು ತಡೆಯುತ್ತದೆ ಎಂದು ಯಾರೂ ಹೇಳಲಾಗದು. ಆದರೂ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆದು ಬಂದವರು ಮಧ್ಯಾಹ್ನದ ಊಟಕ್ಕೆ ಏಕೆ ಸಮಾಧಾನದಿಂದ ಕೂರುತ್ತಾರೆ ಎಂಬುದಕ್ಕೆ ಇದು ಸಾಕಷ್ಟು ಕಾರಣ. ಇನ್ನು ನಾದಿನಿಯವರಿಗೆ ಇಷ್ಟು ಹೇಳಿ: ಅವರು ಮರೆತರೂ ನಾನು ಮರೆಯುವುದಿಲ್ಲ, ಪ್ರವಾಸ ನನ್ನದೂ ಹೌದು.

ಇಂಗ್ಲಿಷಿನಲ್ಲಿ ಸಪೋರ್ಟೆಡ್ ಹಾಲಿಡೇ ಎನ್ನುವುದನ್ನು ನಾನು ಆಸರೆ ಪ್ರವಾಸ ಎನ್ನುತ್ತೇನೆ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 2009ರಲ್ಲಿ ಹುಟ್ಟಿದ ಡಿಮೆನ್ಶಿಯ ಅಡ್ವೆಂಚರ್ ಎಂಬ ದತ್ತಿ ಸಂಸ್ಥೆ ಇದನ್ನು ನಡೆಸುವವರಲ್ಲಿ ಒಂದು. ದಂಪತಿಗಳದ್ದೋ ತಾಯಿ ಮಗಳದ್ದೋ ಕೆಲವೇ ಜೋಡಿಗಳ ಚಿಕ್ಕ ಗುಂಪು, ಹಳ್ಳಿಗಾಡಿನಲ್ಲಿ ಒಂದು ಮನೆ, ಜೊತೆಗೆ ತರಬೇತಾದ ಸಿಬ್ಬಂದಿ. ಅಡುಗೆ, ವಾಹನ, ದಾರಿ ಹುಡುಕುವ ಕೆಲಸ, ಮಳೆ ಬಂದರೆ ಏನು ಮಾಡಬೇಕೆಂಬ ಚಿಂತೆ ಎಲ್ಲವೂ ಅವರ ಪಾಲಿಗೆ ಬರುತ್ತದೆ. ಗಂಡ ಸಿಬ್ಬಂದಿಯೊಡನೆ ತೋಟದಲ್ಲಿ ಅಡ್ಡಾಡುತ್ತಿರುವಾಗ ಹೆಂಡತಿ ಒಂದು ಗಂಟೆ ಮಲಗಬಹುದು, ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣಬಹುದು. ಜರ್ಮನಿಯಲ್ಲಿ ಆಲ್‌ಝೈಮರ್ ಸಂಘಗಳೇ ಇಂಥ ಪ್ರವಾಸಗಳನ್ನು ಏರ್ಪಡಿಸುವುದುಂಟು, ಅಲ್ಲಿ 1995ರಿಂದ ಜಾರಿಯಲ್ಲಿರುವ ಆರೈಕೆ ವಿಮೆಯ ಹಣವನ್ನು ಪ್ರವಾಸ ಕಾಲದ ಆರೈಕೆಯ ವೆಚ್ಚಕ್ಕೆ ಬಳಸಿಕೊಳ್ಳಲು ದಾರಿಯಿದೆ.

ಇದನ್ನು ಬಿಡುವಿನ ಆರೈಕೆಯೊಡನೆ ಬೆರೆಸಬೇಡಿ. ಅದರಲ್ಲಿ ಕಾಯಿಲೆಯವರು ಕೆಲವು ದಿನ ಕೇಂದ್ರದಲ್ಲಿ ಉಳಿಯುತ್ತಾರೆ, ಮನೆಯವರು ಮನೆಯಲ್ಲಿ ಉಸಿರಾಡುತ್ತಾರೆ. ಅದಕ್ಕೆ ನಮ್ಮಲ್ಲೂ ವ್ಯವಸ್ಥೆಯಿದೆ; ಬೆಂಗಳೂರಿನ ಕಸ್ತೂರಿನಗರದ ನೈಟಿಂಗೇಲ್ಸ್ ಕೇಂದ್ರದಂಥ ಕಡೆ ಕೆಲವು ದಿನಗಳ ಮಟ್ಟಿಗೆ ಇರಿಸಿಕೊಳ್ಳುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯುವ ಪದ್ಧತಿ ಮಾತ್ರ ನಮ್ಮಲ್ಲಿ ಬೇರೂರಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇಷ್ಟು ಜನರ ಆರೈಕೆ ಬಹುಪಾಲು ಮನೆಯ ಹೆಂಗಸರ ಕೈಯಲ್ಲೇ ನಡೆಯುತ್ತಿದ್ದರೂ ಯಾತ್ರೆಯ ವ್ಯಾಪಾರ ಮಾಡುವವರ ಕಣ್ಣಿಗೆ ಇವರು ಬಿದ್ದಿಲ್ಲ.

ಆದ್ದರಿಂದ ಆಸರೆ ಪ್ರವಾಸವನ್ನು ನೀವೇ ಹೆಣೆದುಕೊಳ್ಳಬೇಕು. ಅದರಲ್ಲಿ ನೀವು ಹಣ ಕೊಟ್ಟು ಪಡೆಯಬೇಕಾದ ಮುಖ್ಯ ವಸ್ತು ಜಾಗವಲ್ಲ, ಮೂರನೆಯ ಒಬ್ಬ ಮನುಷ್ಯ. ನೀವಿಬ್ಬರೇ ಹೋದರೆ ಮನೆಯ ಚಾಕರಿಯೇ ಇನ್ನೂ ಕಷ್ಟದ ಜಾಗಕ್ಕೆ ವರ್ಗವಾದಂತೆ. ಮಗನೋ ತಮ್ಮನೋ ಬರುತ್ತೇನೆಂದರೆ ರಾತ್ರಿ ಎದ್ದು ಬಚ್ಚಲಿಗೆ ಕರೆದೊಯ್ಯುವವರು ಯಾರೆಂದು ಹೊರಡುವ ಮುಂಚೆಯೇ ಕೇಳಿಬಿಡಿ. ‘ನೋಡೋಣ’ ಎಂಬ ಉತ್ತರ ಬಂದರೆ ಆ ಕೆಲಸ ನಿಮಗೇ ಬರುತ್ತದೆ ಎಂದು ಅರ್ಥ. ಸಂಬಳಕ್ಕೆ ಸಹಾಯಕರನ್ನು ಕರೆದೊಯ್ಯುವುದಾದರೆ ಹೊರಡುವ ದಿನ ಪರಿಚಯ ಮಾಡಿಸಿದರೆ ಸಾಲದು. ಒಂದು ತಿಂಗಳು ಮೊದಲಿನಿಂದ ವಾರಕ್ಕೆ ಎರಡು ಮೂರು ದಿನ ಅವರು ಮನೆಗೆ ಬಂದು ನಿಮ್ಮ ಪತಿಗೆ ಕಾಫಿ ಕೊಟ್ಟು, ಬಟ್ಟೆ ತೊಡಿಸಿ, ಅವರ ಕೋಪವನ್ನೂ ಒಮ್ಮೆ ಕಂಡಿರಬೇಕು.

ಮೊದಲ ಸಲ ಒಂದು ದಿನದ ಪ್ರವಾಸವೇ ಸಾಕು. ದಾವಣಗೆರೆಯವರಾದ ನಿಮಗೆ ಸಂತೇಬೆನ್ನೂರು ಹತ್ತಿರವಿದೆ. ಪುಷ್ಕರಿಣಿಯ ಬಳಿ ವಾರದ ದಿನಗಳಲ್ಲಿ ಗದ್ದಲ ಕಡಿಮೆ. ಮೆಟ್ಟಿಲಿಳಿಯದೆ ಮೇಲಿನಿಂದಲೇ ನೋಡಿ, ನೀರಿನ ಬದಿಗೆ ಸಹಾಯಕರು ನಿಲ್ಲಲಿ. ಅದು ಸುಸೂತ್ರವಾಗಿ ನಡೆದರೆ ಸಾಗರದ ಕಡೆ ಮೂರು ರಾತ್ರಿಯ ಯೋಚನೆ ಮಾಡಬಹುದು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಸುತ್ತ ವಿಶಾಲವಾದ ಬಯಲಿದೆ, ತಳ್ಳಾಟವಿಲ್ಲ. ಇತಿಹಾಸದ ಮೇಷ್ಟ್ರು ಅಲ್ಲಿ ಕೆಳದಿಯ ನಾಯಕರ ಬಗ್ಗೆ ಪಾಠ ಶುರು ಮಾಡಿದರೂ ಮಾಡಬಹುದು. ಇಸವಿ ತಪ್ಪಿದರೆ ತಿದ್ದಬೇಡಿ.

ತಂಗುವ ಮನೆ ನೆಲದ ಮಟ್ಟದಲ್ಲಿರಲಿ, ಮೂರು ರಾತ್ರಿಯೂ ಒಂದೇ ಕೋಣೆ ಇರಲಿ, ದಿನಕ್ಕೊಂದು ಊರು ಬೇಡ. ಹೋದ ತಕ್ಷಣ ನೋಡಬೇಕಾದದ್ದು ಬಚ್ಚಲಿನ ಚಿಲಕ ಮತ್ತು ಕನ್ನಡಿ. ಇದನ್ನು ನಾನು ಕಲಿತದ್ದು ನನ್ನ ತಾಯಿಯಿಂದ. ಅವರನ್ನು ಮರವಂತೆಯ ಕಡಲು ನೋಡಲು ಕರೆದೊಯ್ದಿದ್ದಾಗ ವಸತಿಗೃಹದ ಬೀರುವಿಗೆ ಆಳೆತ್ತರದ ಕನ್ನಡಿಯಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಅಮ್ಮ ಅದರ ಮುಂದೆ ನಿಂತು, ‘ಇವರು ಆಗಿನಿಂದ ನಿಂತೇ ಇದ್ದಾರೆ, ಕೂರಿಸಿ ಕಾಫಿ ಕೊಡಬಾರದೇನೇ’ ಎಂದು ನನ್ನನ್ನು ಗದರಿದರು. ಕನ್ನಡಿಯ ಮೇಲೆ ಸೀರೆ ಹೊದಿಸಿದ ಮೇಲೆ ಅತಿಥಿ ಹೊರಟುಹೋದರು. ಮಾರನೆಯ ಬೆಳಿಗ್ಗೆ ಅಮ್ಮ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ತೆಗೆಯಲಾರದೆ ಕೂಗಿದಾಗ, ಬಾಗಿಲು ಒಡೆಯಲು ಬಂದ ವ್ಯವಸ್ಥಾಪಕರು ಇಂಥವರನ್ನು ಏಕೆ ಕರೆದುಕೊಂಡು ತಿರುಗುತ್ತೀರಿ ಎಂದರು. ಅಂದಿನಿಂದ ನನ್ನ ಚೀಲದಲ್ಲಿ ಒಂದು ಹಳೆಯ ಸೀರೆ, ಚಿಲಕದ ಮೇಲೆ ಅಂಟಿಸುವ ಅಗಲ ಟೇಪು ಮತ್ತು ರಾತ್ರಿ ಪೂರ್ತಿ ಉರಿಯುವ ಚಿಕ್ಕ ದೀಪ ಇದ್ದೇ ಇರುತ್ತವೆ.

ಪ್ರಶ್ನೆ: ತಂದೆಗೆ 78 ವರ್ಷ, ಡಿಮೆನ್ಶಿಯಕ್ಕೆ ಡೊನೆಪೆಝಿಲ್ ಮಾತ್ರೆ ನಡೆಯುತ್ತಿದೆ. ಕುಕ್ಕೆಗೂ ಧರ್ಮಸ್ಥಳಕ್ಕೂ ಒಮ್ಮೆ ಹೋಗಬೇಕೆಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಘಾಟಿಯಲ್ಲಿ ಅವರಿಗೆ ವಾಂತಿಯಾಗುತ್ತದೆ, ಅಂಗಡಿಯಲ್ಲಿ ಸಿಗುವ ಆವೋಮಿನ್ ಕೊಡಬಹುದೇ? ಬಸ್ಸು ಒಳ್ಳೆಯದೋ ರೈಲೋ? ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಎಂಬ ಭಯವೂ ಇದೆ.
— ಓದುಗ, ರಾಜಾಜಿನಗರ, ಬೆಂಗಳೂರು

ಉತ್ತರ: ಮಾತ್ರೆಯ ವಿಷಯ ಮೊದಲು. ಆವೋಮಿನ್‌ನಲ್ಲಿ ಇರುವುದು ಪ್ರೊಮೆಥಝೀನ್. ಡೊನೆಪೆಝಿಲ್ ಮಿದುಳಿನಲ್ಲಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಬೇಗ ಕರಗಿಹೋಗದಂತೆ ನೋಡಿಕೊಳ್ಳುತ್ತದೆ, ಪ್ರೊಮೆಥಝೀನ್ ಅದೇ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ನಮಗೆ ಬರೀ ತೂಕಡಿಕೆ ತರುವ ಆ ಮಾತ್ರೆ ಡಿಮೆನ್ಶಿಯ ಇರುವ ಹಿರಿಯರಲ್ಲಿ ಗೊಂದಲವನ್ನೂ ಬೀಳುವ ಅಪಾಯವನ್ನೂ ಹೆಚ್ಚಿಸಬಹುದು, ಮೂತ್ರ ಕಟ್ಟಿಕೊಳ್ಳುವಂತೆಯೂ ಮಾಡಬಹುದು. ಬೇರೆ ಹೆಸರಿನ ವಾಂತಿ ಮಾತ್ರೆಗಳಲ್ಲೂ ಹಲವು ಇದೇ ಬಗೆಯವು. ನಿಮ್ಮ ವೈದ್ಯರನ್ನು ಕೇಳದೆ ಯಾವುದನ್ನೂ ಕೊಡಬೇಡಿ. ಡೊನೆಪೆಝಿಲ್ ಕೂಡ ಕೆಲವರಿಗೆ ಹೊಟ್ಟೆ ತೊಳಸುವಂತೆ ಮಾಡುವುದರಿಂದ ಅದನ್ನೂ ಆಗಲೇ ಕೇಳಿಬಿಡಿ.

ವಾಂತಿಯ ದೃಷ್ಟಿಯಿಂದಲೇ ನನ್ನ ಮತ ರೈಲಿಗೆ. ಶಿರಾಡಿಯ ತಿರುವುಗಳಿಗಿಂತ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಹಳಿಯಲ್ಲಿ ಹೊಟ್ಟೆ ಕಲಕುವುದು ಕಡಿಮೆ, ಶೌಚಾಲಯ ಕೈಗೆಟುಕುವ ದೂರದಲ್ಲಿರುತ್ತದೆ. ಯಶವಂತಪುರದಿಂದ ಆ ದಾರಿಯಲ್ಲಿ ಹಗಲು ಓಡುವ ರೈಲಿಗೆ 2021ರ ಜುಲೈಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿಸಿದಾಗ ನಾನೂ ಆಸೆಪಟ್ಟಿದ್ದೆ, ಆದರೆ ನಿಮ್ಮ ತಂದೆಗೆ ಸಾಮಾನ್ಯ ಬೋಗಿಯೇ ಲೇಸು ಎನಿಸುತ್ತದೆ. ಆ ಘಾಟಿಯಲ್ಲಿ 57 ಸುರಂಗಗಳಿವೆ. ಹಾಡುಹಗಲು ಇದ್ದಕ್ಕಿದ್ದಂತೆ ಕತ್ತಲಾಗಿ ಹುಡುಗರು ಕಿರುಚುವುದು ಮಕ್ಕಳಿಗೆ ಮೋಜು, ಆದರೆ ಹಗಲು ರಾತ್ರಿಯ ಲೆಕ್ಕವೇ ತಪ್ಪುತ್ತಿರುವವರಿಗೆ ಅದು ಗಾಬರಿ ಹುಟ್ಟಿಸಬಲ್ಲದು. ಸಕಲೇಶಪುರ ದಾಟುತ್ತಲೇ ಅವರ ಕೈ ಹಿಡಿದು ಕುಳಿತು ‘ಅಪ್ಪಾ, ಸುರಂಗ ಬಂತು, ಈಗ ಬೆಳಕು ಬರುತ್ತೆ’ ಎಂದು ಪ್ರತಿ ಸಲವೂ ಹೇಳಿ. ಐವತ್ತೇಳು ಸಲ ಹೇಳುವ ತಾಳ್ಮೆ ನಿಮಗೆ ಈಗಾಗಲೇ ಅಭ್ಯಾಸವಾಗಿರುತ್ತದೆ. ಕಿಟಕಿಯ ಕಡೆ ಅವರು, ನಡೆದಾಡುವ ದಾರಿಯ ಕಡೆ ನೀವು ಕೂರಿ. ನಿಲ್ದಾಣ ಬಂದಾಗ ಇಳಿದುಬಿಡುವ ಅಭ್ಯಾಸ ಹಲವರಿಗಿರುತ್ತದೆ. ರಾತ್ರಿ ರೈಲಿನಲ್ಲಿ ಹಿಂತಿರುಗುವುದಾದರೆ ಹಿರಿಯ ನಾಗರಿಕರ ಕೋಟಾದಲ್ಲಿ ಕೆಳಗಿನ ಬರ್ತ್ ಕೇಳಿ.

ದೇವಸ್ಥಾನದಲ್ಲಿ ಭಾನುವಾರ, ಸೋಮವಾರ, ಹಬ್ಬ, ಶಾಲೆಯ ರಜೆಗಳನ್ನು ಬಿಟ್ಟುಬಿಡಿ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕೆಂಬುದು ನಿಮಗೂ ನನಗೂ ಗೊತ್ತು, ಆದರೆ ನಿಮ್ಮ ತಂದೆಗೆ ಆ ಹೊತ್ತಿಗೆ ಅದು ನೆನಪಿರಲಿಕ್ಕಿಲ್ಲ. ಸಾಲಿನಲ್ಲಿ ಅಪರಿಚಿತರೊಬ್ಬರು ‘ಅಂಗಿ ತೆಗೀರಿ’ ಎಂದರೆ ಅದು ಅವರಿಗೆ ಜಗಳದ ಮಾತಾಗಿ ಕೇಳಬಹುದು. ಕೋಣೆಯಿಂದಲೇ ಪಂಚೆ ಉಟ್ಟು ಶಲ್ಯ ಹೊದ್ದು ಹೊರಟರೆ ಆ ಪ್ರಸಂಗವೇ ಬರುವುದಿಲ್ಲ. ಪ್ರತಿದಿನ ಬೆಳಿಗ್ಗೆ ಅಂದಿನ ಉಡುಪಿನಲ್ಲಿ ಅವರದೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಏಕೆಂದರೆ ಕಳೆದುಹೋದವರನ್ನು ಹುಡುಕುವಾಗ ಯಾವ ಬಣ್ಣದ ಅಂಗಿ ಎಂಬ ಮೊದಲ ಪ್ರಶ್ನೆಗೇ ಮನೆಯವರು ತಡವರಿಸುತ್ತಾರೆ. ನಿಮ್ಮ ಮೊಬೈಲ್ ಸಂಖ್ಯೆ ಅವರ ಕಿಸೆಯ ಚೀಟಿಯಲ್ಲಿದ್ದರೆ ಸಾಲದು, ಕೈಯ ಪಟ್ಟಿಯ ಮೇಲೂ ಇರಲಿ. ತಪ್ಪಿಸಿಕೊಂಡದ್ದು ತಿಳಿದ ಕೂಡಲೇ ಒಬ್ಬರು ಹುಡುಕಲಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಸ್ವಲ್ಪ ಹೊತ್ತು ನೋಡೋಣ ಎಂದು ಕಾಯಬೇಡಿ.

ಪ್ರಶ್ನೆ: ನಾವು 1976ರಲ್ಲಿ ಮೈಸೂರಿನಿಂದ ಇಂಗ್ಲೆಂಡಿಗೆ ಬಂದವರು. ಪತಿ ಇಲ್ಲಿಯ ಆಸ್ಪತ್ರೆಗಳಲ್ಲಿ ವೈದ್ಯರಾಗಿದ್ದರು, ಈಗ 79. ಎರಡು ವರ್ಷದಿಂದ ಅವರ ಇಂಗ್ಲಿಷ್ ಕರಗುತ್ತಿದೆ, ನರ್ಸ್ ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಡೆವನ್‌ನ ಕಡಲತೀರದಲ್ಲಿ ಡಿಮೆನ್ಶಿಯ ಇರುವವರಿಗೂ ಜೊತೆಯವರಿಗೂ ಒಂದು ವಾರದ ಪ್ರವಾಸವಿದೆ, ಹೋಗಿ ಎಂದು ಇಲ್ಲಿಯವರು ಹೇಳುತ್ತಾರೆ. ಗುಂಪಿನಲ್ಲಿ ಕನ್ನಡ ಬಲ್ಲವರು ನಾನೊಬ್ಬಳೇ. ಅದರ ಬದಲು ಒಂದು ತಿಂಗಳು ಮೈಸೂರಿಗೇ ಕರೆತರುವುದು ಒಳ್ಳೆಯದೇ?
— ಓದುಗರೊಬ್ಬರು, ಲೆಸ್ಟರ್

ಉತ್ತರ: ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗುವುದು, ತಾಯ್ನುಡಿ ಕೊನೆಯವರೆಗೆ ಹಿಡಿದು ನಿಲ್ಲುವುದು ಎರಡು ಭಾಷೆ ಬಲ್ಲ ಅನೇಕರಲ್ಲಿ ಕಂಡುಬರುತ್ತದೆ. ಇದರಿಂದ ನಿಮಗೆ ಒಂದು ಪೇಚು ಒದಗಿದೆ. ಆಸರೆ ಪ್ರವಾಸದಲ್ಲಿ ನಿಮಗೆ ಬಿಡುವು ಸಿಗಬೇಕು, ಆದರೆ ದುಭಾಷಿ ನೀವೇ ಆದರೆ ಬಿಡುವು ಎಲ್ಲಿಂದ ಬರಬೇಕು? ಹಣ ಕಟ್ಟುವ ಮುಂಚೆ ಇದನ್ನೇ ಆಯೋಜಕರ ಮುಂದಿಡಿ. ನೀರು, ಊಟ, ಬಚ್ಚಲು, ನೋವು, ಸಾಕು, ಬನ್ನಿ ಎಂಬಂಥ ಇಪ್ಪತ್ತು ಮೂವತ್ತು ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನಿಮ್ಮ ದನಿಯಲ್ಲಿ ಫೋನಿನಲ್ಲಿ ಮುದ್ರಿಸಿ, ಎರಡು ವಾರ ಮೊದಲೇ ಕಳುಹಿಸಿಕೊಡಿ. ಅಪರಿಚಿತ ಇಂಗ್ಲಿಷ್ ಹೆಂಗಸೊಬ್ಬಳು ತಪ್ಪು ಉಚ್ಚಾರದಲ್ಲೇ ‘ಬನ್ನಿ ಡಾಕ್ಟ್ರೇ, ಊಟ’ ಎಂದರೂ ಅವರು ಎದ್ದು ಹೋಗುವ ಸಂಭವ ಹೆಚ್ಚು. ಆಯೋಜಕರು ಇದಕ್ಕೆ ಒಪ್ಪದಿದ್ದರೆ ಆ ಪ್ರವಾಸ ನಿಮಗಲ್ಲ.

ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು ಇಂಥ ಮೈಯ ಆರೈಕೆ ಸಿಬ್ಬಂದಿಯ ಕೆಲಸವೋ ನಿಮ್ಮದೋ, ರಾತ್ರಿ ಎಚ್ಚರವಿರುವವರು ಯಾರಾದರೂ ಇರುತ್ತಾರೋ ಎಂದೂ ಕೇಳಿ. ಎಲ್ಲ ಸಂಸ್ಥೆಗಳೂ ಇವನ್ನು ವಹಿಸಿಕೊಳ್ಳುವುದಿಲ್ಲ. ಸಸ್ಯಾಹಾರ ಎಂದರೆ ಸಾಲದು, ಮೊಸರನ್ನ ಬೇಕೆಂದು ಹೇಳಿ, ಚಟ್ನಿಪುಡಿಯ ಡಬ್ಬಿ ನಿಮ್ಮ ಚೀಲದಲ್ಲಿರಲಿ. ಇಂಗ್ಲೆಂಡಿನಲ್ಲಿ 2014ರ ಕೇರ್ ಆ್ಯಕ್ಟ್ ಪ್ರಕಾರ ಕಾಯಿಲೆಯವರಿಗೆ ಮಾತ್ರವಲ್ಲ, ಆರೈಕೆ ಮಾಡುವ ನಿಮಗೂ ಏನು ಬೇಕೆಂದು ಅಳೆಯುವಂತೆ ಸ್ಥಳೀಯ ಕೌನ್ಸಿಲನ್ನು ಕೇಳುವ ಹಕ್ಕಿದೆ. ಆ ಸಂದರ್ಶನದಲ್ಲಿ ನಮ್ಮ ಹೆಂಗಸರು ‘ಹೇಗೋ ನಡೆಯುತ್ತಿದೆ’ ಎಂದು ನಗುತ್ತಾರೆ, ಅಧಿಕಾರಿ ಅದನ್ನೇ ಬರೆದುಕೊಂಡು ಹೋಗುತ್ತಾರೆ. ಎಷ್ಟು ರಾತ್ರಿ ಎದ್ದಿರಿ ಎಂದು ಲೆಕ್ಕ ಕೊಡಿ. ಡಿಮೆನ್ಶಿಯ ಕುಟುಂಬಗಳಿಗೆಂದೇ ಇರುವ ಅಡ್ಮಿರಲ್ ನರ್ಸ್‌ಗಳ ಸಲಹೆಯನ್ನೂ ಪಡೆಯಿರಿ. ಆ ಹೆಸರು ಬಂದದ್ದು ದೋಣಿ ಓಡಿಸುವ ಹುಚ್ಚಿದ್ದ, ಮುಂದೆ ಡಿಮೆನ್ಶಿಯಕ್ಕೆ ಒಳಗಾದ ಜೋಸೆಫ್ ಲೆವಿ ಎಂಬವರನ್ನು ಮನೆಯವರು ಅಡ್ಮಿರಲ್ ಜೋ ಎಂದು ಕರೆಯುತ್ತಿದ್ದುದರಿಂದ.

ಮೈಸೂರಿನ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಹತ್ತು ಗಂಟೆಯ ವಿಮಾನ, ನಾಲ್ಕೂವರೆಯಿಂದ ಐದೂವರೆ ಗಂಟೆಯ ಕಾಲ ವ್ಯತ್ಯಾಸ, ಅದರ ಮೇಲೆ ನೆಂಟರ ಸಾಲು. ಇಷ್ಟೆಲ್ಲ ದಾಟಿ ಬಂದ ಮೇಲೂ ಅವರ ಮನಸ್ಸಿನಲ್ಲಿರುವುದು 1976ರ ಮೈಸೂರು. ‘ಮನೆಗೆ ಹೋಗೋಣ’ ಎಂದು ಅವರು ಲೆಸ್ಟರ್‌ನಲ್ಲಿ ಹೇಳುತ್ತಿದ್ದರೆ ಮೈಸೂರಿನಲ್ಲೂ ಹೇಳಿಯಾರು. ಮೊದಲು ಡೆವನ್‌ಗೆ ಹೋಗಿ ಬನ್ನಿ. ಆ ಮೇಲೆಯೂ ಬರಲೇಬೇಕು ಎನಿಸಿದರೆ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಹಸಿರು ಕೊರಳಪಟ್ಟಿ ಕೇಳಿ ಪಡೆಯಿರಿ. ಕಣ್ಣಿಗೆ ಕಾಣದ ಅಂಗವೈಕಲ್ಯ ಇರುವವರಿಗೆಂದು 2016ರಲ್ಲಿ ಲಂಡನ್ ಬಳಿಯ ಗ್ಯಾಟ್ವಿಕ್‌ನಲ್ಲಿ ಶುರುವಾದ ಆ ಗುರುತನ್ನು ಈಗ ಬೆಂಗಳೂರಿನ ನಿಲ್ದಾಣದ ಸಿಬ್ಬಂದಿಯೂ ಬಲ್ಲರು.

ಪ್ರಶ್ನೆ: ಅಮ್ಮನನ್ನು ಒಂದು ವಾರ ಆರೈಕೆ ಕೇಂದ್ರದಲ್ಲಿ ಬಿಟ್ಟು ನಾನೊಬ್ಬಳೇ ಗೆಳತಿಯರೊಡನೆ ಹೋಗಿ ಬಂದರೆ ತಪ್ಪೇ?
— ಮಗಳು, ಉಡುಪಿ

ಉತ್ತರ: ತಪ್ಪಲ್ಲ. ಎಲ್ಲರಿಗೂ ಒಟ್ಟಿಗೆ ಹೋಗುವುದು ಒಗ್ಗುವುದಿಲ್ಲ; ಕಾಯಿಲೆ ಬಲಿತು ಜಾಗ ಬದಲಾದರೆ ಸಾಕು ರಾತ್ರಿಯಿಡೀ ಚಡಪಡಿಸುವವರಿಗೆ ಪ್ರವಾಸವೇ ಶಿಕ್ಷೆ. ಆದರೆ ಜಾಗ ಬದಲಾಗುವ ಕಷ್ಟ ಕೇಂದ್ರದಲ್ಲೂ ಇರುವುದರಿಂದ, ಮೊದಲು ಹಗಲು ಹೊತ್ತು ಮಾತ್ರ, ಆಮೇಲೆ ಒಂದು ರಾತ್ರಿ ಬಿಟ್ಟು ನೋಡಿ, ಅವರ ಹೊದಿಕೆ, ಲೋಟ, ದಿನಚರಿಯ ಚೀಟಿ ಜೊತೆಗೆ ಕೊಡಿ. ಮನಸ್ಸು ಒಪ್ಪದೆ ಹಿಂಸೆಯಾದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ಅತ್ತೆಯನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗಿ ಬಂದೆವು. ಅಲ್ಲಿ ಚೆನ್ನಾಗಿದ್ದರು. ಬಂದ ಮೂರನೆಯ ದಿನದಿಂದ ಹಗಲೆಲ್ಲ ಮಂಪರು, ರಾತ್ರಿ ಗೋಡೆಯ ಮೇಲೆ ಯಾರೋ ಇದ್ದಾರೆ ಎನ್ನುತ್ತಾರೆ. ಪ್ರವಾಸದಿಂದ ಕಾಯಿಲೆ ಹೆಚ್ಚಿತು ಎಂದು ಮನೆಯಲ್ಲಿ ನನ್ನನ್ನೇ ದೂರುತ್ತಿದ್ದಾರೆ.
— ಸೊಸೆ, ಹುಬ್ಬಳ್ಳಿ

ಉತ್ತರ: ಡಿಮೆನ್ಶಿಯ ಹೀಗೆ ಎರಡು ಮೂರು ದಿನದಲ್ಲಿ ಜಿಗಿಯುವುದು ವಿರಳ. ಹಠಾತ್ತನೆ ಬಂದ ಮಂಪರು, ಇಲ್ಲದ್ದು ಕಾಣುವುದು, ಗಳಿಗೆಗೊಂದು ಬಗೆಯಾಗಿರುವುದು ಇವು ಡೆಲಿರಿಯಮ್‌ನ ಲಕ್ಷಣಗಳು, ಹಳಬರು ಸನ್ನಿ ಎನ್ನುತ್ತಿದ್ದುದು. ಇದಕ್ಕೆ ಸಾಮಾನ್ಯವಾಗಿ ಮೈಯಲ್ಲೇ ಕಾರಣವಿರುತ್ತದೆ ಮತ್ತು ಬಹಳಷ್ಟು ಸಲ ಅದನ್ನು ಗುಣಪಡಿಸಬಹುದು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಹಿರಿಯರಿಗೆ ನಾವೇ ನೀರು ಕಡಿಮೆ ಕೊಡುತ್ತೇವೆ, ಅವರೂ ತಡೆದುಕೊಂಡು ಕೂರುತ್ತಾರೆ, ಅದರಿಂದ ಮೂತ್ರದ ಸೋಂಕು, ಮಲಬದ್ಧತೆ, ನಿರ್ಜಲೀಕರಣ ಬರುತ್ತವೆ. ಪ್ರವಾಸದ ಗಡಿಬಿಡಿಯಲ್ಲಿ ಯಾವುದಾದರೂ ಮಾತ್ರೆ ತಪ್ಪಿತೇ, ಹೊಸ ಮಾತ್ರೆ ಸೇರಿತೇ, ಎಲ್ಲಾದರೂ ಬಿದ್ದು ತಲೆಗೆ ಪೆಟ್ಟಾಯಿತೇ ಎಂಬುದನ್ನೂ ನೆನಪು ಮಾಡಿಕೊಳ್ಳಿ. ಪತ್ರಿಕೆ ನಿಮ್ಮ ಕೈಸೇರುವವರೆಗೆ ಕಾಯುವ ವಿಷಯವಲ್ಲವಾದ್ದರಿಂದ ಇಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ ಎಂದು ನಿಮ್ಮ ಪತ್ರದಲ್ಲಿದ್ದ ಸಂಖ್ಯೆಗೆ ಕಚೇರಿಯಿಂದ ಕರೆ ಮಾಡಿ ತಿಳಿಸಲಾಗಿದೆ. ಮೂತ್ರ ಪರೀಕ್ಷೆಯ ಜೊತೆಗೆ ರಕ್ತದ ಸೋಡಿಯಂ ಮಟ್ಟವನ್ನೂ ನೋಡಲು ಹೇಳಿ. ವರದಿಯಲ್ಲಿ ಏನು ಬಂತೆಂದು ಬರೆಯಿರಿ, ಗೋಕರ್ಣದ ದೂರಿಗೆ ಆಗ ಉತ್ತರ ಹೇಳೋಣ.